ರೀಮಾಸ್ಟರ್ ಡಿಸ್ಕ್: ದುಡ್ಡು ಕೊಡುವ ಮುಂಚೆ ನೆಗೆಟಿವ್ ಬಗ್ಗೆ ಕೇಳಿ

'ರೀಮಾಸ್ಟರ್' ಅಂತ ಬರೆದ ಮಾತ್ರಕ್ಕೆ ಹಳೇ ಸಿನಿಮಾದ ಡಿಸ್ಕ್‌ಗೆ ದುಡ್ಡು ಕೊಡಬೇಕಾ? ಮೊದಲು ಕೇಳಬೇಕಾದ್ದು, ಅದನ್ನು ಯಾವುದರಿಂದ ಮಾಡಿದ್ದಾರೆ ಅಂತ.

ಡಿವಿಡಿ ಚಿತ್ರದಲ್ಲಿರುವುದು ಹೆಚ್ಚೆಂದರೆ 720×576 ಚುಕ್ಕಿ. ಅದನ್ನೇ 4ಕೆಗೆ ಹಿಗ್ಗಿಸಿದರೆ ಚುಕ್ಕಿ ಹೆಚ್ಚುತ್ತವೆ, ಕಳೆದುಹೋದ ವಿವರ ಮರಳಲ್ಲ. ಆ ವಿವರ ಇರುವುದು 35 ಎಂಎಂ ನೆಗೆಟಿವ್‌ನಲ್ಲಿ.

ಬಣ್ಣ ಹಚ್ಚುವುದು ಬೇರೆಯದೇ ಕೆಲಸ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದವು. ಹೊಸ ಪ್ರೇಕ್ಷಕರು ಬಂದರೆ ಸಂತೋಷವೇ. ಆದರೆ ಕಪ್ಪು-ಬಿಳುಪಿಗೆಂದೇ ಕೂಡಿಸಿದ ನೆರಳು-ಬೆಳಕು ಅದರಲ್ಲಿ ಸಿಗಲ್ಲ.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ (1977) ದಾರಿ ಬೇರೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್ ಬಳಸಿ ಅದನ್ನು 4ಕೆಯಲ್ಲಿ ಸರಿಪಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಂಥ ಕೆಲಸ ಡಿಸ್ಕ್ ಆಗಿ ಸಿಕ್ಕರೆ ಕಣ್ಮುಚ್ಚಿ ಕೊಳ್ಳಿ.

ಆದರೆ ನೆಗೆಟಿವ್ ಕಾಪಾಡಿದ್ದು ಸರ್ಕಾರಿ ದುಡ್ಡು, ಅಂದರೆ ನಮ್ಮದೇ. ಕಾಸರವಳ್ಳಿ ತೀರ್ಥಹಳ್ಳಿ ಕಡೆಯವರು. 1942ರಲ್ಲಿ 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದ ಈಸೂರೂ ಅದೇ ಶಿವಮೊಗ್ಗ ಜಿಲ್ಲೆಯದು. ವೆನಿಸ್‌ನವರು ನೋಡಿದ ಚಿತ್ರ ಈಸೂರಿನ ಶಾಲೆಯ ಗೋಡೆ ಮೇಲೂ ಮೂಡಬೇಕು, ಅದೂ ಪುಕ್ಕಟೆಯಾಗಿ. ಡಿಸ್ಕ್ ಕೊಳ್ಳುವವರು ಕೊಳ್ಳಲಿ. ಈ ಹಕ್ಕನ್ನು ಮಾತ್ರ ಸರ್ಕಾರದ ಹತ್ತಿರ ಕೇಳಲೇಬೇಕು.