ಯೋಜನೆಯ ಕರಡು ಓದುವ ಕೆಲಸ ಸಂಘಗಳದ್ದೂ ಹೌದು

ದೆಹಲಿ ಸುತ್ತಲಿನ ಗುರುಗ್ರಾಮ, ಫರೀದಾಬಾದ್, ನೋಯ್ಡಾ, ಗಾಜಿಯಾಬಾದ್‌ಗಳಲ್ಲಿ ಸ್ವಂತ ಮನೆ ಮಾಡಿಕೊಂಡು ನೆಲೆ ನಿಂತ ಕನ್ನಡಿಗರು ಅನೇಕರಿದ್ದಾರೆ. ಸಂಘಗಳ ಸಭೆಗಳಲ್ಲಿ ರಾಜ್ಯೋತ್ಸವ, ಯಕ್ಷಗಾನ, ಮಕ್ಕಳ ಕನ್ನಡ ತರಗತಿಗಳ ಚರ್ಚೆ ನಡೆಯುತ್ತದೆ. ಆದರೆ ಆ ಮನೆಗಳು ನಿಂತಿರುವ ನೆಲದ ಮುಂದಿನ ಇಪ್ಪತ್ತು ವರ್ಷಗಳನ್ನು ನಿರ್ಧರಿಸುವ ಪ್ರಾದೇಶಿಕ ಯೋಜನೆಯ ಮಾತು ಬರುವುದು ವಿರಳ. ಇದು ವಿಷಾದನೀಯ.

ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿಯು 1985ರ ಕಾಯ್ದೆಯನ್ವಯ ಸ್ಥಾಪನೆಯಾದದ್ದು. ದೆಹಲಿಯ ಜೊತೆಗೆ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನದ ಜಿಲ್ಲೆಗಳೂ ಸೇರಿ ಸುಮಾರು 55 ಸಾವಿರ ಚದರ ಕಿ.ಮೀ. ಇದರ ವ್ಯಾಪ್ತಿ. ಬಹುಪಾಲು ಹೊಲ, ಹಳ್ಳಿ, ಗುಡ್ಡ. 2005ರಲ್ಲಿ ಜಾರಿಗೆ ಬಂದ 'ಪ್ರಾದೇಶಿಕ ಯೋಜನೆ-2021', ಅರಾವಳಿ ಬೆಟ್ಟ, ಕಾಡು, ನದಿ, ಕೆರೆ, ಅಂತರ್ಜಲ ಮರುಪೂರಣದ ನೆಲಗಳನ್ನು 'ನೈಸರ್ಗಿಕ ಸಂರಕ್ಷಣಾ ವಲಯ'ವೆಂದು ಗುರುತಿಸಿ, ಅಲ್ಲಿ ನಿರ್ಮಾಣವನ್ನು ಶೇ. 0.5ಕ್ಕೆ ಮಿತಿಗೊಳಿಸಿತ್ತು. 2021ರ ಡಿಸೆಂಬರ್‌ನಲ್ಲಿ 'ಯೋಜನೆ-2041'ರ ಕರಡು ಸಾರ್ವಜನಿಕರ ಮುಂದೆ ಬಂದಾಗ 'ನೈಸರ್ಗಿಕ ವಲಯ' ಎಂದಷ್ಟೇ ಇತ್ತು. 'ಸಂರಕ್ಷಣಾ' ಎಂಬ ಪದ ಮಾಯ! ಶೇ. 0.5ರ ಮಿತಿಯೂ ಕಾಣಲಿಲ್ಲ. ಪರಿಸರಪ್ರಿಯರು ಆಕ್ಷೇಪಣೆ ಸಲ್ಲಿಸಿದರು.

ಒಂದು ಪದದಿಂದ ಏನಾದೀತು ಎನ್ನುವವರು ಫರೀದಾಬಾದ್‌ನ ಕಾಂತ್ ಎನ್‌ಕ್ಲೇವ್ ಪ್ರಕರಣ ನೋಡಬೇಕು. ಅರಣ್ಯದಂತೆ ಕಾಯಬೇಕಾದ ನೆಲದಲ್ಲಿ ಎದ್ದಿದ್ದ ಆ ಬಡಾವಣೆಯ ಮನೆಗಳನ್ನು ಕೆಡವಲು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಹಣ ಕೊಟ್ಟು ಕಾಗದಪತ್ರ ಪಡೆದ ಮಧ್ಯಮ ಹಾಗೂ ಮೇಲ್ವರ್ಗದವರೇ ಬೀದಿಗೆ ಬಂದದ್ದು. ಅವರಿಗೆ ಪರಿಹಾರವಾದರೂ ಆದೇಶವಾಯಿತು. 2021ರಲ್ಲಿ ಅದೇ ಅರಾವಳಿ ತಪ್ಪಲಿನ ಖೋರಿ ಗ್ರಾಮದಲ್ಲಿ ಸಾವಿರಾರು ಬಡವರ ಮನೆಗಳು ನೆಲಸಮವಾದವು. ಇಬ್ಬರಿಗೂ ನಕ್ಷೆ ತೋರಿಸಿ ಎಚ್ಚರಿಸಿದವರು ಇರಲಿಲ್ಲ.

ಇದು ಹರಿಯಾಣದವರ ಚಿಂತೆ, ನಾವು ಹೊರಗಿನವರು ಎಂಬ ಮಾತು ಸಂಘಗಳಲ್ಲಿ ಕೇಳಿಬರುವುದುಂಟು. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ಗೆ ಸಾಲು ನಿಲ್ಲುವಾಗ ಹೊರಗಿನವರು ಯಾರು? ಒಂದು ಕಾಲದಲ್ಲಿ ದೋಣಿವಿಹಾರಕ್ಕೆ ಹೆಸರಾಗಿದ್ದ ಬಡ್‌ಖಲ್ ಕೆರೆ ಗಣಿಗಾರಿಕೆ ಮತ್ತು ಅಂತರ್ಜಲ ಕುಸಿತದಿಂದ ಒಣಗಿತು. ಶುದ್ಧೀಕರಿಸಿದ ಕೊಳಚೆ ನೀರಿನಿಂದ ಅದನ್ನು ತುಂಬಿಸಲು ಹೊರಡಬೇಕಾಯಿತು.

ಅದೇ ಬೆಟ್ಟಸಾಲಿನ ಮಾಂಗರ್ ಗ್ರಾಮದಲ್ಲಿ 'ಬನಿ' ಎಂಬ ಕಾಡಿದೆ. ಗುದಡಿಯಾ ದಾಸ್ ಬಾಬಾನ ಹೆಸರಿನಲ್ಲಿ ಅಲ್ಲಿ ಊರವರು ಒಂದು ಕೊಂಬೆಯನ್ನೂ ಕಡಿಯುವುದಿಲ್ಲ. ತುಳುನಾಡಿನ ನಾಗಬನ, ಕೊಡಗಿನ ದೇವರಕಾಡು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2016ರಲ್ಲಿ ಹರಿಯಾಣ ಸರಕಾರ ಇಲ್ಲಿನ 677 ಎಕರೆಯನ್ನು ನಿರ್ಮಾಣ ನಿಷೇಧ ಪ್ರದೇಶವೆಂದು ಘೋಷಿಸಿತು. ಕಂದಾಯ ದಾಖಲೆಯಲ್ಲಿ ಮಾತ್ರ ಅರಾವಳಿಯ ಇಂತಹ ಎಷ್ಟೋ ನೆಲ ಇನ್ನೂ 'ಗೈರ್ ಮುಮ್ಕಿನ್ ಪಹಾಡ್', ಅಂದರೆ ಉಳುಮೆಗೆ ಬಾರದ ಗುಡ್ಡ. ಉಳುಮೆಗೆ ಬಾರದ್ದು ಬಿಲ್ಡರ್‌ಗಳಿಗೆ ಚೆನ್ನಾಗಿಯೇ ಬರುತ್ತದೆ!

2025ರ ಜುಲೈನಲ್ಲಿ ದೇವನಹಳ್ಳಿ ತಾಲೂಕಿನ 1,777 ಎಕರೆ ಭೂಸ್ವಾಧೀನವನ್ನು ಕರ್ನಾಟಕ ಸರಕಾರ ಕೈಬಿಟ್ಟಿತು. ಮೂರು ವರ್ಷಕ್ಕೂ ಮೀರಿ ಧರಣಿ ಕೂತ ಚನ್ನರಾಯಪಟ್ಟಣ ಹೋಬಳಿಯ ರೈತರಿಗೆ ಸಂದ ಗೆಲುವದು. ತವರಿನ ರೈತರಿಗೆ ಮಿಡಿಯುವ ಮನಸ್ಸು ನೆರೆಯ ಹಳ್ಳಿಗೂ ಮಿಡಿಯುವುದು ನ್ಯಾಯ.

ಸಂಘಗಳಲ್ಲಿ ನಿವೃತ್ತ ಎಂಜಿನಿಯರ್‌ಗಳಿದ್ದಾರೆ, ವಕೀಲರಿದ್ದಾರೆ, ಕೇಂದ್ರ ಸಚಿವಾಲಯಗಳಲ್ಲಿ ಕಡತ ನೋಡಿ ಪಳಗಿದವರಿದ್ದಾರೆ. ಅಂತಹ ನಾಲ್ಕೈದು ಮಂದಿಯ ಸಮಿತಿಯೊಂದು ರಚನೆಯಾಗಲಿ. ಕರಡು ಪ್ರಕಟವಾದರೆ ಆಕ್ಷೇಪಣೆಗೆ ಸಿಗುವುದು ಹೆಚ್ಚೆಂದರೆ ಕೆಲವೇ ವಾರ. ಅಷ್ಟರಲ್ಲಿ ಅದನ್ನು ಓದಿ ಸಾರಾಂಶವನ್ನು ಕನ್ನಡದಲ್ಲಿ ಸದಸ್ಯರಿಗೆ ತಿಳಿಸಿ, ಸಂಘದ ಹೆಸರಿನಲ್ಲಿ ಪತ್ರ ಸಲ್ಲಿಸಬೇಕು. ನಿವೇಶನಕ್ಕೆ ಮುಂಗಡ ಕೊಡಹೊರಟ ಸದಸ್ಯರಿಗೂ ನೆಲದ ವಲಯ ಯಾವುದೆಂದು ಈ ಸಮಿತಿಯೇ ನೋಡಿ ಹೇಳಬಹುದು. ವಾರ್ಷಿಕೋತ್ಸವದ ಊಟದ ಪಟ್ಟಿಗೆ ಮೂರು ಸಭೆ ಕರೆಯುವ ಸಂಘಗಳಿಗೆ ಇನ್ನೊಂದು ಸಭೆ ಭಾರವಾಗಲಾರದು.