ಬೆಲ್ ನಮ್ದು, ಸ್ವಿಚ್ಚೂ ನಮ್ದೇ ಇರ್ಲಿ

(1/4)
"ಅಷ್ಟು ಕಿರಿಕಿರಿ ಆದ್ರೆ ನೋಟಿಫಿಕೇಶನ್ ಆಫ್ ಮಾಡ್ಕೋ." ಈ ವಿಷಯ ಎತ್ತಿದಾಗೆಲ್ಲ ಸಿಗೋ ಉತ್ತರ ಇದು. ಕೇಳೋಕೆ ಸುಲಭ. ಆದ್ರೆ ನಿಮ್ಮ ಫೋನನ್ನೇ ಒಂದ್ಸಲ ನೋಡಿ. "ನಿಮ್ಮ ಖಾತೆಗೆ 200 ರೂಪಾಯಿ ಬಂದಿದೆ" ಅನ್ನೋದೂ, "ನಿಮಗಾಗಿ ಸಾಲ ರೆಡಿ ಇದೆ" ಅನ್ನೋದೂ ಒಂದೇ ಸದ್ದು ಮಾಡ್ಕೊಂಡು ಬರುತ್ತೆ. ಮೊದಲನೇದು ಬೇಕು, ಎರಡನೇದು ಬೇಡ. ಸುಮಾರು ಆ್ಯಪ್‌ಗಳಲ್ಲಿ ಆಫ್ ಮಾಡಿದ್ರೆ ಎರಡೂ ಹೋಗುತ್ತೆ.

ನಮ್ಮ ಕ್ಲಾಸಿನ ಒಬ್ಬಳು ಇಂಟರ್ನಲ್ಸ್ ಟೈಮಲ್ಲಿ ಕಾಲೇಜ್ ಆ್ಯಪ್‌ನ ಬಾಯಿ ಪೂರ್ತಿ ಮುಚ್ಚಿಸಿದ್ಲು. ದಿನಾ ಯಾವುದೋ ಆನ್‌ಲೈನ್ ಕೋರ್ಸಿನ ಜಾಹೀರಾತು ಬರ್ತಿತ್ತು, ಓದೋಕೆ ಬಿಡ್ತಿರ್ಲಿಲ್ಲ. ಪರೀಕ್ಷಾ ಶುಲ್ಕದ ಕೊನೇ ದಿನಾಂಕವೂ ಅದ್ರಲ್ಲೇ ಬಂತು. ದಂಡ ಕಟ್ಟಿದ್ಲು. ಹಾಸ್ಟೆಲ್‌ನಲ್ಲಿರೋರಿಗೆ ಆ ದುಡ್ಡು ಅಂದ್ರೆ ಏನು ಅಂತ ಗೊತ್ತಲ್ವಾ? ಎಲ್ರೂ "ನೋಡ್ಕೋಬೇಕಿತ್ತು" ಅಂತ ಅವಳಿಗೇ ಹೇಳಿದ್ರು. ನನಗೆ ಹಾಗೆ ಅನ್ಸಲ್ಲ.

(2/4)
ಬಿಕಾಂ ಓದ್ತಿದೀವಿ, ಲೆಕ್ಕದಲ್ಲೇ ನೋಡೋಣ. ಪಾಂಪ್ಲೆಟ್ ಹಂಚೋಕೆ ಪೇಪರ್, ಪ್ರಿಂಟಿಂಗ್, ಹಂಚೋ ಹುಡುಗನ ಕೂಲಿ ಎಲ್ಲ ಬೇಕು. ಆದ್ದರಿಂದ ಅಂಗಡಿಯವರು ಯಾರಿಗೆ ಕೊಡ್ಬೇಕು ಅಂತ ಯೋಚನೆ ಮಾಡ್ತಾರೆ. ನೋಟಿಫಿಕೇಶನ್ ಹಾಗಲ್ಲ. ಸಾವಿರ ಜನಕ್ಕೆ ಕಳಿಸಿದ್ರೂ ಲಕ್ಷ ಜನಕ್ಕೆ ಕಳಿಸಿದ್ರೂ ಖರ್ಚು ಹೆಚ್ಚುಕಮ್ಮಿ ಸೊನ್ನೆ. ನೂರರಲ್ಲಿ ಒಬ್ರು ಒತ್ತಿದ್ರೂ ಅವರಿಗೆ ಲಾಭ. ಉಳಿದ 99 ಜನರ ಗಮನ ಮುರಿದಿದ್ದು ಯಾರ ಖಾತೆಗೂ ಖರ್ಚಾಗಿ ಹೋಗಲ್ಲ. ಅದನ್ನ ಭರಿಸೋರು ನಾವು.

ಬೇಕಾದ್ದನ್ನೂ ಬೇಡದ್ದನ್ನೂ ಬೆರೆಸಿ ಕಳಿಸಿದ್ರೆ ನಾವು ಆಫ್ ಮಾಡೋಕೆ ಹೆದರ್ತೀವಿ. ಆ ಹೆದರಿಕೆ ಮೇಲೇ ಜಾಹೀರಾತು ಸವಾರಿ ಮಾಡ್ತಿದೆ.

(3/4)
ಬೇರೆ ಮಾಡೋಕೆ ಆಗಲ್ಲ ಅಂತ ಮಾತ್ರ ಹೇಳ್ಬೇಡಿ. ಎಸ್‌ಎಂಎಸ್‌ನಲ್ಲಿ ಆಗಿದೆ. 2025ರಲ್ಲಿ ಟ್ರಾಯ್ ನಿಯಮ ತಿದ್ದಿದ ಮೇಲೆ, ಕಂಪನಿಗಳ ಮೆಸೇಜ್‌ನಲ್ಲಿ ಕಳಿಸಿದವರ ಹೆಸರಿನ ಕೊನೇಲಿ ಒಂದು ಅಕ್ಷರ ಇರುತ್ತೆ. ಪಿ ಅಂದ್ರೆ ಪ್ರಚಾರ, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವಹಿವಾಟು, ಜಿ ಅಂದ್ರೆ ಸರ್ಕಾರ. 1909ಕ್ಕೆ ತಿಳಿಸಿ ಪ್ರಚಾರ ಬೇಡ ಅನ್ನಬಹುದು, ಬ್ಯಾಂಕಿನ ಓಟಿಪಿ ಬರ್ತಾನೇ ಇರುತ್ತೆ.

ಫೋನಲ್ಲೂ ದಾರಿ ಇದೆ. ಆಂಡ್ರಾಯ್ಡ್ 8 ಬಂದ 2017ರಿಂದ ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳನ್ನ ವಿಭಾಗ ಮಾಡಿ ಇಡಬಹುದು. 2022ರ ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ಮೊದ್ಲು ನಮ್ಮ ಅನುಮತಿ ಕೇಳ್ಬೇಕು. ಆದ್ರೆ ಯಾವುದು ಯಾವ ವಿಭಾಗಕ್ಕೆ ಅಂತ ತೀರ್ಮಾನ ಮಾಡೋದು ಆ್ಯಪ್ ಮಾಡಿದವರು. ಜಾಹೀರಾತನ್ನ "ಮುಖ್ಯ ಸೂಚನೆ" ವಿಭಾಗದಲ್ಲಿ ಹಾಕಿಬಿಟ್ರೆ ನಮ್ಮ ಕೈಲಿ ಏನೂ ಇಲ್ಲ.

(4/4)
ನಾನು ಕೇಳೋದು ಇಷ್ಟೇ: ಎಸ್‌ಎಂಎಸ್‌ಗೆ ಇರೋ ನಿಯಮ ಆ್ಯಪ್‌ಗೂ ಬರಲಿ. ಜಾಹೀರಾತಿಗೆ ಬೇರೆ ಸ್ವಿಚ್, ಅದು ಮೊದಲಿಂದಲೇ ಆಫ್ ಆಗಿರ್ಲಿ. ಬೇಕಾದವರು ಆನ್ ಮಾಡ್ಕೊಳ್ಳಲಿ.

ಅಲ್ಲಿವರೆಗೆ ಮೂರು ಕೆಲಸ:
👉 ಕಿರಿಕಿರಿ ನೋಟಿಫಿಕೇಶನ್ ಬಂದ್ರೆ ಒರೆಸಿ ಹಾಕ್ಬೇಡಿ, ಒತ್ತಿ ಹಿಡೀರಿ. ವಿಭಾಗ ಇದ್ರೆ ಅದೊಂದನ್ನೇ ಬಂದ್ ಮಾಡಬಹುದು.
👉 ಲ್ಯಾಪ್‌ಟಾಪ್ ಮೂಲೇಲಿ "ವೈರಸ್ ಬಂದಿದೆ" ಅಂತ ಏನಾದ್ರೂ ಹಾರಿದ್ರೆ ಒತ್ತೋಕೆ ಹೋಗ್ಬೇಡಿ. ಎಷ್ಟೋ ಸಲ ಅದು ಯಾವುದೋ ವೆಬ್‌ಸೈಟಿನ ನೋಟಿಫಿಕೇಶನ್ ಅಷ್ಟೇ. ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ಸೈಟ್‌ಗಳನ್ನ ತೆಗೀರಿ.
👉 "ಬೇಡ" ಅನ್ನೋ ಬಟನ್ನೇ ಇಲ್ಲದೆ ಪದೇ ಪದೇ "ನೋಟಿಫಿಕೇಶನ್ ಆನ್ ಮಾಡಿ" ಅಂತ ಪೀಡಿಸೋದು ತಪ್ಪು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಇದೂ ಒಂದು, ಹೆಸರು ನ್ಯಾಗಿಂಗ್. ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ನಿಮ್ಮ ಫೋನಲ್ಲಿ ಆಫ್ ಮಾಡೋಕೂ ಆಗದೆ, ಸಹಿಸೋಕೂ ಆಗದೆ ಉಳಿದಿರೋ ನೋಟಿಫಿಕೇಶನ್ ಯಾವುದು? ಆ್ಯಪ್ ಹೆಸರು ಬೇಡ, ಅದರಲ್ಲಿ ಏನು ಬರುತ್ತೆ ಅಂತ ಕಾಮೆಂಟ್‌ನಲ್ಲಿ ಹಾಕಿ.

#ನೋಟಿಫಿಕೇಶನ್ #ಗ್ರಾಹಕರಹಕ್ಕು #ಬಿಕಾಂಬದುಕು