ನೆಟ್ಟಗಿನ ವೀರ ತಿರುವಿಗೆ ಬಂದಾಗ...

1987ರ ‘ತ್ರೀ ಮೆನ್ ಅಂಡ್ ಎ ಬೇಬಿ’ ಚಿತ್ರದ ನಿರ್ಮಾಪಕರಲ್ಲೊಬ್ಬರು ಟೆಡ್ ಫೀಲ್ಡ್. ಸಿನಿಮಾಕ್ಕೆ ಮುಂಚೆ ಇವರಿಗೆ ಹಿಡಿದಿದ್ದ ಹುಚ್ಚು ಕಾರ್ ರೇಸು! ಇವರ ತಂಡದ ಹೀರೋ ಹವಾಯಿ ದ್ವೀಪದ ಡ್ಯಾನಿ ಓಂಗೈಸ್.

ಡ್ಯಾನಿ ಮೊದಲು ಡ್ರ್ಯಾಗ್ ರೇಸಿನವರು. ಕಾಲು ಮೈಲಿ ನೆಟ್ಟಗಿನ ದಾರಿ, ಪಕ್ಕದಲ್ಲಿ ಒಬ್ಬನೇ ಎದುರಾಳಿ, ಕೆಲವೇ ಸೆಕೆಂಡಿನಲ್ಲಿ ಆಟ ಖಲಾಸ್. ನಿಲ್ಲಿಸೋಕೆ ಹಿಂದೆ ಪ್ಯಾರಾಚೂಟ್! 1969ರಲ್ಲಿ ಮಿಕ್ಕಿ ಥಾಂಪ್ಸನ್‌ರ ಮಸ್ಟಾಂಗ್ ಓಡಿಸಿ ಮೆರೆದ ಭೂಪ. ಅಂಥವರು ಎಪ್ಪತ್ತರ ದಶಕದಲ್ಲಿ ತಿರುವುಗಳೇ ತುಂಬಿದ ರೋಡ್ ಕೋರ್ಸಿಗೆ ಇಳಿದರು.

ಇಲ್ಲಿ ಆಕ್ಸಿಲರೇಟರಿಗಿಂತ ಬ್ರೇಕೇ ದೊಡ್ಡ ವಿದ್ಯೆ ಸ್ವಾಮಿ. ತಿರುವಿಗೆ ಮೊದಲೇ, ಕಾರು ನೆಟ್ಟಗಿರುವಾಗಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಬೇಕು. ಆಮೇಲೆ ಮೆಲ್ಲಗೆ ಬಿಡುತ್ತಾ ಸ್ಟಿಯರಿಂಗ್ ತಿರುಗಿಸಬೇಕು. ಹೊರಗೆ ಬರುವಾಗ ಹದವಾಗಿ ಆಕ್ಸಿಲರೇಟರ್. ಹೆದರಿ ನಡುತಿರುವಿನಲ್ಲಿ ಕಾಲು ಎತ್ತಿದಿರೋ... ಭಾರವೆಲ್ಲ ಮುಂದಕ್ಕೆ ವಾಲಿ, ಹಿಂದಿನ ಚಕ್ರದ ಹಿಡಿತ ತಪ್ಪಿ ಕಾರು ಗಿರಗಿಟ್ಲೆ! ಎಂಜಿನ್ ಹಿಂದೆಯೇ ಇರುವ ಪೋರ್ಷೆಯಲ್ಲಂತೂ ಕೇಳಲೇಬೇಡಿ.

ಅಂಥ ಪೋರ್ಷೆ 935ರಲ್ಲೇ 1979ರಲ್ಲಿ ಫೀಲ್ಡ್ ಮತ್ತು ಹರ್ಲಿ ಹೇವುಡ್ ಜತೆ ಸರದಿಯಂತೆ ಓಡಿಸಿ ಡೇಟೋನಾದ 24 ಗಂಟೆಯ ರೇಸು ಗೆದ್ದರು. ಸೆಕೆಂಡಿನ ಆಟದವರು ಹಗಲೂ ರಾತ್ರಿ ಬ್ರೇಕು, ಟೈರು ಕಾಪಾಡಿಕೊಂಡು ಗೆಲ್ಲೋದು ಅಂದರೆ ಹುಡುಗಾಟವೇ?

1981ರಲ್ಲಿ ಇಂಡಿಯಾನಾಪೊಲಿಸ್ ಗೋಡೆಗೆ ಗುದ್ದಿ ಕಾಲಿಗೆ ಭಾರೀ ಪೆಟ್ಟು. ಆದರೂ ಮತ್ತೆ ಬಂದರು. 1996ರಲ್ಲಿ, 54ನೇ ವಯಸ್ಸಿನಲ್ಲಿ, ಅದೇ ಟ್ರ್ಯಾಕಿನಲ್ಲಿ ಕಟ್ಟಕಡೆಯಿಂದ ಹೊರಟು ಏಳನೆಯವರಾದರು! 2022ರಲ್ಲಿ ತೀರಿಕೊಂಡರು. ಫೀಲ್ಡ್ ಸಾಹೇಬರು ಇವರ ಕಥೆಯನ್ನೇ ಯಾಕೆ ಸಿನಿಮಾ ಮಾಡಲಿಲ್ಲವೋ!